ಪಾತರಗಿತ್ತಿಯಲ್ಲ ಎಂದು ಗೀಟು ಎಳೆದವರಿಗೆ

ಕಳೆದ ವಾರ ಶಾಲಾ ಮಕ್ಕಳ ವಿಜ್ಞಾನ ವಸ್ತುಪ್ರದರ್ಶನವೊಂದರಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಚಾರ್ಟಿನ ಮೇಲೆ ಕೆಂಪು ಗೀಟು ಬಿತ್ತು. ‘ನಮ್ಮ ಊರಿನ ಪಾತರಗಿತ್ತಿಗಳು’ ಎಂಬುದು ಅವಳು ಕೊಟ್ಟ ತಲೆಬರಹ. ಹನ್ನೊಂದು ಚಿತ್ರಗಳಲ್ಲಿ ನಾಲ್ಕನ್ನು ತೀರ್ಪುಗಾರರು ಹೊಡೆದುಹಾಕಿ ಪಕ್ಕದಲ್ಲಿ ‘ಪತಂಗ’ ಎಂದು ಬರೆದರು. ಹುಡುಗಿ ಅಳಲಿಲ್ಲ. ಜಮಖಂಡಿಯ ಕಡೆಗೆ ಮರಳುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು ಒಂದೇ ಒಂದು ಮಾತು ಕೇಳಿದಳು: “ಅಕ್ಕೋರೇ, ಅವರು ಕುಡಿಮೀಸೆಯ ತುದಿಯನ್ನು ನೋಡಿದರೇ?”

ನೋಡಿರಲಿಲ್ಲ. ನಾನು ಅಲ್ಲೇ ನಿಂತಿದ್ದೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗೀಟು ಬಿದ್ದ ನಾಲ್ಕೂ ಒಂದೇ ಕುಟುಂಬದವು. ಅರಿಷಿಣದ ಎಲೆಯನ್ನು ಸುತ್ತಿ ಅದರೊಳಗೆ ಬೆಳೆಯುವ ಗ್ರಾಸ್ ಡೆಮನ್, ಹೊಂಗೆಯ ಚಿಗುರು ತಿಂದು ಬೆಳೆಯುವ ಕಾಮನ್ ಬ್ಯಾಂಡೆಡ್ ಆಲ್, ತೆಂಗು ಮತ್ತು ಈಚಲಿನ ಗರಿಯ ಪಾಮ್ ಬಾಬ್, ಬದುವಿನ ಹುಲ್ಲಿನ ರೈಸ್ ಸ್ವಿಫ್ಟ್. ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಒಟ್ಟಾಗಿ ಸ್ಕಿಪ್ಪರ್ ಎನ್ನುತ್ತಾರೆ. ನಾನು ತರಗತಿಯಲ್ಲಿ ಜಿಗಿಚಿಟ್ಟೆ ಎನ್ನುತ್ತೇನೆ. ಹಾರುವುದು ಕವಣೆಯಿಂದ ಬಿಟ್ಟ ಕಲ್ಲಿನಂತೆ. ಇಲ್ಲಿತ್ತು ಎನ್ನುವಷ್ಟರಲ್ಲಿ ಎರಡು ಮಾರು ಆಚೆಯ ಎಲೆಯ ಮೇಲೆ ಕುಳಿತಿರುತ್ತದೆ. ಜಗತ್ತಿನಲ್ಲಿ ಇವುಗಳ 3,500ಕ್ಕೂ ಹೆಚ್ಚು ಪ್ರಭೇದಗಳಿವೆ. ಭೂಮಿಯ ಮೇಲಿನ ಪಾತರಗಿತ್ತಿಗಳಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು. ಐದರಲ್ಲೊಂದು ಪಾಲನ್ನು ಒಂದು ಕೆಂಪು ಪೆನ್ನು ಹೊರಗೆ ಹಾಕಿತು.

ಈ ತಪ್ಪಿನ ಬೇರು ನಮ್ಮೆಲ್ಲರ ಗೈಡುಗಳಲ್ಲಿರುವ ಆ ಎರಡು ಕಾಲಂ ಕೋಷ್ಟಕದಲ್ಲಿದೆ. ಚಿಟ್ಟೆ ಹಗಲಿನಲ್ಲಿ ಹಾರುತ್ತದೆ, ಪತಂಗ ರಾತ್ರಿ ಹಾರುತ್ತದೆ. ಚಿಟ್ಟೆಯ ಮೈ ತೆಳು, ಪತಂಗದ್ದು ದಪ್ಪ, ರೋಮಮಯ. ಚಿಟ್ಟೆಗೆ ಬಣ್ಣವಿದೆ, ಪತಂಗ ಮಂಕು. ಚಿಟ್ಟೆ ರೆಕ್ಕೆ ಮಡಚಿ ಕೂರುತ್ತದೆ, ಪತಂಗ ಹರಡಿ ಕೂರುತ್ತದೆ. ನಾನೂ ಹದಿನಾಲ್ಕು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದಿದ್ದೇನೆ, ಮಕ್ಕಳು ಇದನ್ನೇ ಉರು ಹೊಡೆದಿದ್ದಾರೆ. ಜಿಗಿಚಿಟ್ಟೆಯನ್ನು ಈ ಕೋಷ್ಟಕದ ಮುಂದೆ ಇಟ್ಟು ನೋಡಿ. ಮೈ ದಪ್ಪ, ರೋಮವೂ ಇದೆ. ಬಣ್ಣ ಬಹುಪಾಲು ಕಂದು. ಬ್ಯಾಂಡೆಡ್ ಆಲ್‌ನಂಥವು ನಸುಕಿನಲ್ಲೂ ಸಂಜೆಯ ಮಬ್ಬಿನಲ್ಲೂ ಚುರುಕಾಗುತ್ತವೆ. ಇನ್ನು ಕೂರುವ ರೀತಿಯಂತೂ ಕೋಷ್ಟಕಕ್ಕೆ ಸಿಗುವುದೇ ಇಲ್ಲ: ಹುಲ್ಲಿನ ಜಿಗಿಚಿಟ್ಟೆಗಳು ಬಿಸಿಲು ಕಾಯಿಸುವಾಗ ಹಿಂದಿನ ರೆಕ್ಕೆಗಳನ್ನು ಚಪ್ಪಟೆಯಾಗಿ ಹರಡಿ ಮುಂದಿನವನ್ನು ಅರ್ಧ ಎತ್ತಿ ಹಿಡಿಯುತ್ತವೆ, ಫ್ಲಾಟ್ ಎಂಬ ಗುಂಪಿನವು ಪತಂಗದಂತೆ ಪೂರ್ತಿ ಹರಡಿ ಕೂರುತ್ತವೆ, ಆಲ್‌ಗಳು ಎಲೆಯ ಅಡಿಗೆ ಹೋಗಿ ರೆಕ್ಕೆ ಮುಚ್ಚುತ್ತವೆ. ಒಂದೇ ಕುಟುಂಬದೊಳಗೆ ಮೂರು ಪದ್ಧತಿ.

ಹಾಗಾದರೆ ಗುರುತಿಸುವುದು ಹೇಗೆ? ಆ ಹುಡುಗಿ ಕೇಳಿದ್ದೇ ಸರಿಯಾದ ಪ್ರಶ್ನೆ. ಹತ್ತು ರೂಪಾಯಿಯ ಭೂತಗನ್ನಡಿ ಸಾಕು. ಜಿಗಿಚಿಟ್ಟೆಯ ತಲೆ ಅಗಲ. ಎರಡು ಕುಡಿಮೀಸೆಗಳ ಬುಡಗಳು ಒಂದಕ್ಕೊಂದು ದೂರ ನಿಂತಿರುತ್ತವೆ. ಉಳಿದ ಚಿಟ್ಟೆಗಳಲ್ಲಿ ಅವು ಹತ್ತಿರ ಹತ್ತಿರ. ಕುಡಿಮೀಸೆಯ ತುದಿಯಲ್ಲಿ ಹೆಚ್ಚಿನ ಚಿಟ್ಟೆಗಳಂತೆ ಗಂಟು ಇದೆ, ಆದರೆ ಬಹುಪಾಲು ಜಿಗಿಚಿಟ್ಟೆಗಳಲ್ಲಿ ಆ ಗಂಟು ಅಲ್ಲಿಗೇ ಮುಗಿಯದೆ ಸಣ್ಣ ಕೊಕ್ಕೆಯಾಗಿ ಹಿಂದಕ್ಕೆ ಬಾಗುತ್ತದೆ. ಕುಡುಗೋಲಿನ ಮೂತಿಯಂತೆ. ನಮ್ಮ ಹುಡುಗಿ ನಾಲ್ಕೂ ಚಿತ್ರಗಳಲ್ಲಿ ಆ ಕೊಕ್ಕೆಯನ್ನು ಬಿಡಿಸಿದ್ದಳು, ಬಾಣದ ಗುರುತು ಹಾಕಿ ತೋರಿಸಿದ್ದಳು. ಕೆಂಪು ಗೀಟು ಆ ಬಾಣದ ಮೇಲೆಯೇ ಹಾದುಹೋಗಿದೆ.

ಈ ಕುಟುಂಬವನ್ನು ಹೊರಗಿಡುವ ಚಾಳಿ ಹಳೆಯದು. 1758ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಎಲ್ಲ ಚಿಟ್ಟೆಗಳನ್ನು ಪಪಿಲಿಯೊ ಎಂಬ ಒಂದೇ ಹೆಸರಿನಡಿ ತಂದು ಒಳಗೆ ಗುಂಪು ಮಾಡಿದ. ದೊಡ್ಡ ಬಾಲದ ಚಿಟ್ಟೆಗಳಿಗೆ ಕುದುರೆ ಏರಿದ ವೀರರ ಹೆಸರು ಕೊಟ್ಟ. ಜಿಗಿಚಿಟ್ಟೆಗಳಿಗೆ ಕೊಟ್ಟದ್ದು ‘ಪ್ಲೆಬೆಜಿ ಅರ್ಬಿಕೊಲೆ’ — ಪೇಟೆಯಲ್ಲಿ ವಾಸಿಸುವ ಸಾಮಾನ್ಯ ಜನ ಎಂದು ಅರ್ಥ. ಆದರೂ ಅವನು ಅವುಗಳನ್ನು ಚಿಟ್ಟೆಗಳ ಒಳಗೇ ಇಟ್ಟಿದ್ದ ಎಂಬುದನ್ನು ಮರೆಯಬಾರದು. 1809ರಲ್ಲಿ ಫ್ರಾನ್ಸಿನ ಲಾತ್ರೆಯ್ ಇವಕ್ಕೆ ಹೆಸ್ಪೆರಿಡೇ ಎಂಬ ಸ್ವಂತ ಕುಟುಂಬ ಕೊಟ್ಟ. ಆಮೇಲೆ ಬಂದವರು ಮೈಕಟ್ಟನ್ನು ನೋಡಿ, ರೆಕ್ಕೆಯ ನರಗಳು ಎಲ್ಲೂ ಕವಲೊಡೆಯದೆ ನೇರ ಅಂಚಿಗೆ ಓಡುವುದನ್ನು ನೋಡಿ, ಇವು ನಿಜವಾದ ಚಿಟ್ಟೆಗಳ ಪಕ್ಕದ ಬೇರೆಯೇ ಮಹಾಕುಟುಂಬ ಎಂದು ಕಟ್ಟು ಹಾಕಿದರು. ನಾನು ಓದುವಾಗಲೂ ಹಾಗೆಯೇ ಇತ್ತು: ಒಂದು ಕಡೆ ‘ನಿಜ ಚಿಟ್ಟೆಗಳು’, ಇನ್ನೊಂದು ಕಡೆ ಸ್ಕಿಪ್ಪರ್‌ಗಳು.

ಈ ಶತಮಾನದಲ್ಲಿ ಡಿಎನ್‌ಎ ಹೋಲಿಕೆ ಬಂದ ಮೇಲೆ ಆ ಗೋಡೆ ಬಿತ್ತು. ಮೊದಲು ಕವಲಾಗಿ ಬೇರೆ ಹೋದದ್ದು ಬಾಲದ ಚಿಟ್ಟೆಗಳು, ಅಂದರೆ ಲಿನ್ನೇಯಸನ ವೀರರು. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಸೇರಿರುವುದೂ ಆ ಕವಲಿಗೇ. ಜಿಗಿಚಿಟ್ಟೆಗಳು ಕವಲಾದದ್ದು ಅದಾದ ಮೇಲೆ. ಹಾಗಿರುವಾಗ ಬರ್ಡ್‌ವಿಂಗ್ ಚಿಟ್ಟೆ, ಜಿಗಿಚಿಟ್ಟೆ ಮಾತ್ರ ಚಿಟ್ಟೆಯಲ್ಲ ಎನ್ನಲು ಬರುವುದಿಲ್ಲ. ಮನೆಯಿಂದ ಮೊದಲು ಪಾಲು ತೆಗೆದುಕೊಂಡು ಹೋದ ಹಿರಿಯ ಮಗನನ್ನು ಮನೆತನದವನು ಎಂದು ಒಪ್ಪಿಕೊಂಡು, ಇನ್ನೂ ಒಲೆಯ ಬಳಿಯೇ ಇರುವ ತಮ್ಮನನ್ನು ಪರಕೀಯ ಎಂದರೆ ಹೇಗೆ? ಇಂದು ಹೆಸ್ಪೆರಿಡೇ ಕುಟುಂಬ ಚಿಟ್ಟೆಗಳ ಮಹಾಕುಟುಂಬವಾದ ಪಪಿಲಿಯೊನಾಯ್ಡಿಯಾದ ಒಳಗೇ ಇದೆ.

ಇನ್ನೂ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ಜಿಗಿಚಿಟ್ಟೆಗಳ ಅತಿ ಹತ್ತಿರದ ಬಂಧುಗಳೆಂದು ಗೊತ್ತಾದದ್ದು ಅಮೆರಿಕ ಖಂಡದ ಉಷ್ಣವಲಯದ ಹೆಡಿಲಿಡೇ ಎಂಬ ಸಣ್ಣ ಕುಟುಂಬ. ಬಹುಪಾಲು ರಾತ್ರಿಯೇ ಹಾರುತ್ತವೆ, ಬಾವಲಿಯ ಸದ್ದು ಕೇಳಿಸಿಕೊಳ್ಳಲು ರೆಕ್ಕೆಯ ಬುಡದಲ್ಲಿ ಕಿವಿ ಇದೆ, ಕುಡಿಮೀಸೆಗೆ ಗಂಟಿಲ್ಲ. 1986ರಲ್ಲಿ ಮಾಲ್ಕಮ್ ಸ್ಕೋಬಲ್ ಎಂಬ ವಿಜ್ಞಾನಿ ಇವು ಚಿಟ್ಟೆಗಳಿರಬಹುದು ಎಂದು ವಾದಿಸುವವರೆಗೂ ಇವನ್ನು ಪತಂಗಗಳ ಜೊತೆಗೇ ಎಣಿಸುತ್ತಿದ್ದರು. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ರೀಜೆಂಟ್ ಸ್ಕಿಪ್ಪರ್ ಮತ್ತೊಂದು ಬಗೆ: ಅದರ ಗಂಡಿನಲ್ಲಿ ಮುಂದಿನ ಮತ್ತು ಹಿಂದಿನ ರೆಕ್ಕೆಗಳನ್ನು ಕೊಂಡಿಯಂತೆ ಜೋಡಿಸುವ ಗಟ್ಟಿ ಬಿರುಗೂದಲಿದೆ. ಅದು ಪತಂಗಗಳ ಲಕ್ಷಣ. ಚಿಟ್ಟೆಗಳೆಂದರೆ ಪತಂಗಗಳ ದೊಡ್ಡ ಮರದಲ್ಲೇ ಹುಟ್ಟಿದ ಒಂದು ಕೊಂಬೆ, ಆ ಕೊಂಬೆ ಬೇರೆಯಾದ ಗುರುತು ಜಿಗಿಚಿಟ್ಟೆಗಳ ಮೈಮೇಲೆ ಇನ್ನೂ ಉಳಿದಿದೆ. ಇದನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೇಳಿದಾಗ ಅವರ ಕಣ್ಣು ಅರಳಿದ್ದನ್ನು ನಾನು ನೋಡಿದ್ದೇನೆ. ಕೋಷ್ಟಕ ಬಾಯಿಪಾಠ ಮಾಡಿಸಿದಾಗ ಒಮ್ಮೆಯೂ ನೋಡಿಲ್ಲ.

ಈಗ ಅರಿಷಿಣದ ವಿಷಯಕ್ಕೆ ಬರುತ್ತೇನೆ.

ಹುಡುಗಿಯದು ನೇಕಾರರ ಮನೆ. ಸೋದರಮಾವನ ಹೊಲದಲ್ಲಿ ಕಬ್ಬಿನ ಪಕ್ಕ ಒಂದು ಎಕರೆ ಅರಿಷಿಣ ಇದೆ. ಮಳೆ ಹಿಡಿದ ಮೇಲೆ ಎಲೆಗಳು ಎದೆಯೆತ್ತರ ಬಂದಾಗ ಅಲ್ಲಲ್ಲಿ ಒಂದೊಂದು ಎಲೆಯ ಅಂಚು ಬೀಡಿಯಂತೆ ಸುರುಳಿಯಾಗಿರುವುದು ಕಾಣುತ್ತದೆ. ಮೊದಲು ಎಲೆಯ ಮೇಲೆ ಒಂಟಿ ಮೊಟ್ಟೆ: ಗೋಳಗುಮ್ಮಟದ ಮೇಲಿನ ಗುಮ್ಮಟವನ್ನಷ್ಟೇ ತಂದು ಸಾಸಿವೆಯ ಗಾತ್ರಕ್ಕೆ ಇಳಿಸಿ ಇಟ್ಟಂತೆ ಇರುತ್ತದೆ. ಅದರಿಂದ ಹೊರಬಂದ ಹುಳು ಎಲೆಯ ಅಂಚಿಗೆ ಹೋಗಿ ತಲೆಯನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಆಡಿಸುತ್ತಾ ರೇಷ್ಮೆಯ ಎಳೆಗಳನ್ನು ಹಾಯಿಸುತ್ತದೆ. “ಲಾಳಿ ಹೊಡೆದ ಹಾಗೆಯೇ ಇದೆ ಅಕ್ಕೋರೇ” ಎಂದಳು ಆಕೆ. ಅಪ್ಪನ ಮಗ್ಗದ ಮುಂದೆ ಬೆಳೆದ ಮಗುವಿಗೆ ಮಾತ್ರ ಹೊಳೆಯುವ ಮಾತು. ಒಂದೇ ಜಾಗದಲ್ಲಿ ಹತ್ತಾರು ಎಳೆ ಬಿದ್ದು ಬಿಗಿಯಾದಂತೆ ಎಲೆಯ ಅಂಚು ತಾನಾಗಿ ಮಡಚಿ ಒಳಕ್ಕೆ ಬರುತ್ತದೆ. ಹುಳು ಬೆಳೆದಂತೆ ಹೊಸ ಮನೆ ಕಟ್ಟುತ್ತದೆ.

ಸುರುಳಿ ಬಿಚ್ಚಿದರೆ ಒಳಗೆ ನಸುಹಸಿರಿನ ಹುಳು. ತೊಗಲು ಎಷ್ಟು ತೆಳುವೆಂದರೆ ತಿಂದ ಎಲೆ ಹೊಟ್ಟೆಯಲ್ಲಿ ಸಾಗುವುದು ಹೊರಗಿನಿಂದಲೇ ಕಾಣುತ್ತದೆ. ಕಪ್ಪು ತಲೆ ಮೈಗೆ ಹೋಲಿಸಿದರೆ ದೊಡ್ಡದು, ಅದರ ಹಿಂದೆ ಸಣ್ಣ ಕುತ್ತಿಗೆ. ಈ ಕುತ್ತಿಗೆ ಕಂಡರೆ ಜಿಗಿಚಿಟ್ಟೆಯ ಹುಳು ಎಂದೇ ತಿಳಿಯಿರಿ. ಕೋಶವಾಗುವ ಹೊತ್ತಿಗೆ ಸುರುಳಿಯ ಒಳಗೆಲ್ಲ ಬಿಳಿ ಮೇಣದ ಪುಡಿ ಹರಡಿರುತ್ತದೆ. ಕೋಶದ ಹೊಟ್ಟೆಯ ಗುಂಟ ಉದ್ದನೆಯ ಒರೆಯೊಂದು ಬಾಲವನ್ನೂ ದಾಟಿ ಹೊರಗೆ ಚಾಚಿರುತ್ತದೆ. ಅದು ಒಳಗೆ ರೂಪುಗೊಳ್ಳುತ್ತಿರುವ ಚಿಟ್ಟೆಯ ಸೊಂಡಿಲಿನ ಒರೆ. ಹೊರಬಂದ ಚಿಟ್ಟೆ ಕಡುಗಂದು, ಹಿಂದಿನ ರೆಕ್ಕೆಯ ಮೇಲೆ ದೊಡ್ಡ ಬಿಳಿ ಮಚ್ಚೆ. ಮಂಕು ಬಣ್ಣವೆಂದು ಹೇಳಿದವರು ಅರಿಷಿಣದ ಹಸಿರಿನ ನೆರಳಿನಲ್ಲಿ ಆ ಬಿಳಿ ಮಿಂಚಿ ಮರೆಯಾಗುವುದನ್ನು ಒಮ್ಮೆ ನೋಡಬೇಕು.

ಎಲೆಸುರುಳಿಯ ಮನೆಯಲ್ಲಿ ಒಂದು ಅಚ್ಚುಕಟ್ಟಿನ ಗುಟ್ಟಿದೆ: ಒಳಗೆ ಹಿಕ್ಕೆ ಇರುವುದಿಲ್ಲ. ಜಿಗಿಚಿಟ್ಟೆಯ ಹುಳು ಹಿಕ್ಕೆಯನ್ನು ಮನೆಯ ಬಾಯಿಯಿಂದ ದೂರಕ್ಕೆ ಸಿಡಿಸುತ್ತದೆ. ಹಿಂಬದಿಯಲ್ಲಿ ಬಾಚಣಿಗೆಯಂಥ ಒಂದು ಗಟ್ಟಿ ಅಂಗವಿದೆ, ರಕ್ತದ ಒತ್ತಡ ಏರಿದಾಗ ಅದು ಚಿಟಿಕೆ ಹೊಡೆದಂತೆ ಹಿಕ್ಕೆಯನ್ನು ಎಸೆಯುತ್ತದೆ. ಅಮೆರಿಕದ ಸಿಲ್ವರ್-ಸ್ಪಾಟೆಡ್ ಸ್ಕಿಪ್ಪರ್ ಎಂಬುದರ ಹುಳು ತನ್ನ ಮೈಯುದ್ದದ 38 ಪಟ್ಟು, ಅಂದರೆ ಒಂದೂವರೆ ಮೀಟರ್ ದೂರ ಎಸೆಯುತ್ತದೆ. ಏಕೆ ಎಂಬುದನ್ನು 2003ರಲ್ಲಿ ಮಾರ್ಥಾ ವೈಸ್ ತೋರಿಸಿದರು: ಹಿಕ್ಕೆಯ ವಾಸನೆ ಹಿಡಿದು ಕಣಜಗಳು ಹುಳುವನ್ನು ಹುಡುಕಿ ಬರುತ್ತವೆ. ಎಸೆದರೆ ಜಾಡು ತಪ್ಪುತ್ತದೆ. ನಮ್ಮ ಪ್ರಯೋಗಾಲಯದ ಡಬ್ಬಿಯ ಮುಚ್ಚಳಕ್ಕೆ ‘ಟಕ್’ ಎಂದು ಸದ್ದಾದಾಗ ಮಕ್ಕಳು ಮೊದಲು ಹೆದರಿದರು, ಆಮೇಲೆ ಪಾಳಿ ಹಚ್ಚಿ ಕಾಯತೊಡಗಿದರು.

ನಮ್ಮ ಭಾಗಕ್ಕೂ ಈ ಅಧ್ಯಯನಕ್ಕೂ ಇರುವ ನಂಟನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬೆಳಗಾವಿಯ ಘಟ್ಟ ಇಳಿದರೆ ಸಿಗುವ ಉತ್ತರ ಕನ್ನಡದಲ್ಲಿ ಅರಣ್ಯ ಅಧಿಕಾರಿಯಾಗಿದ್ದ ಟಿ. ಆರ್. ಬೆಲ್ ಮತ್ತು ಅವರ ಗೆಳೆಯರು 1890ರ ದಶಕದಲ್ಲೇ ಚಿಟ್ಟೆಗಳ ಹುಳುಗಳನ್ನು ಮನೆಯಲ್ಲಿ ಸಾಕಿ, ಯಾವುದು ಯಾವ ಗಿಡ ತಿನ್ನುತ್ತದೆ, ಎಲೆಯನ್ನು ಹೇಗೆ ಮಡಚುತ್ತದೆ ಎಂದು ಬರೆದಿಟ್ಟರು. ಬ್ರಿಗೇಡಿಯರ್ ಇವಾನ್ಸ್ ಎಂಬ ಸೈನ್ಯದ ಎಂಜಿನಿಯರ್ ಭಾರತದಲ್ಲಿ ಕೆಲಸ ಮಾಡುತ್ತಲೇ ಜಿಗಿಚಿಟ್ಟೆಗಳ ಬೆನ್ನು ಹತ್ತಿ, 1949ರಲ್ಲಿ ಯುರೋಪ್, ಏಷ್ಯಾ, ಆಸ್ಟ್ರೇಲಿಯಾಗಳ ಎಲ್ಲವನ್ನೂ ಒಂದು ಪಟ್ಟಿಗೆ ತಂದರು. ನಮ್ಮ ಹುಡುಗಿಯ ಬದುವಿನ ರೈಸ್ ಸ್ವಿಫ್ಟ್‌ಗೆ 1866ರಲ್ಲಿ ಹೆಸರಿಟ್ಟವರು ಡಾರ್ವಿನ್ನನ ಜೊತೆಗೆ ವಿಕಾಸವಾದವನ್ನು ಮಂಡಿಸಿದ ವಾಲೇಸ್. ಇವರೆಲ್ಲರ ಕೆಲಸ ಆರಂಭವಾದದ್ದು ಆ ಹುಡುಗಿ ಮಾಡಿದಂತೆ ಎಲೆ ಬಿಚ್ಚಿ ನೋಡುವುದರಿಂದ, ರೆಕ್ಕೆಯ ಚುಕ್ಕೆ ಎಣಿಸುವುದರಿಂದ.

ರೈತ ಬಂಧುಗಳಿಗೂ ಒಂದು ಮಾತು. ಸುರುಳಿಯಾದ ಎಲೆ ಕಂಡ ಕೂಡಲೇ ಹೊಲಕ್ಕೆಲ್ಲ ಔಷಧಿ ಹೊಡೆಯುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅರಿಷಿಣಕ್ಕೆ ನಿಜವಾಗಿ ಪೆಟ್ಟು ಕೊಡುವುದು ಕಾಂಡಕೊರಕ. ಅದು ಪತಂಗದ ಹುಳು, ಸುಳಿಯನ್ನೇ ಒಳಗಿನಿಂದ ಕೊರೆದು ಒಣಗಿಸುತ್ತದೆ, ಕಾಂಡದ ತೂತಿನಿಂದ ಹಿಕ್ಕೆ ಹೊರಬಿದ್ದಿರುತ್ತದೆ. ಎಲೆ ಸುತ್ತುವ ಗ್ರಾಸ್ ಡೆಮನ್ ಅಲ್ಲೊಂದು ಇಲ್ಲೊಂದು ಎಲೆಯ ಅಂಚು ತಿನ್ನುತ್ತದೆ, ಅಷ್ಟೆ. ತೀರಾ ಹೆಚ್ಚಾದರೆ ಸುರುಳಿಯನ್ನು ಕೈಯಿಂದ ಕಿತ್ತರೆ ಆಯಿತು. ಹೊಂಗೆಯ ಚಿಗುರನ್ನು ಬ್ಯಾಂಡೆಡ್ ಆಲ್‌ನ ಹುಳುಗಳು ಕೆಲವೊಮ್ಮೆ ಬೋಳು ಮಾಡುವುದುಂಟು, ಆದರೆ ಹೊಂಗೆ ಮತ್ತೆ ಚಿಗುರುತ್ತದೆ. ರಸ್ತೆ ಬದಿಯ ಹೊಂಗೆಗೆ ಹುಳು ಬಿದ್ದಿದೆ ಎಂದು ಕೊಂಬೆ ಕಡಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ತೀರ್ಪುಗಾರರಾಗುವ ಶಿಕ್ಷಕರಲ್ಲಿ ನನ್ನ ಬೇಡಿಕೆ ಇಷ್ಟೆ: ಕೋಷ್ಟಕ ಕೈಯಲ್ಲಿ ಹಿಡಿದು ಮಕ್ಕಳ ಚಾರ್ಟ್ ತಿದ್ದಬೇಡಿ. ಅನುಮಾನ ಬಂದರೆ ಮಗುವನ್ನೇ ಕೇಳಿ, ‘ಇದನ್ನು ಚಿಟ್ಟೆ ಎಂದು ಹೇಗೆ ಹೇಳುತ್ತೀ?’ ಎಂದು. ನಮ್ಮ ಹುಡುಗಿಯ ಬಳಿ ಉತ್ತರ ಸಿದ್ಧವಿತ್ತು, ಕೇಳುವವರು ಇರಲಿಲ್ಲ. ಆ ಕೋಷ್ಟಕವನ್ನು ನಾನು ಈ ವರ್ಷದಿಂದ ಬೋರ್ಡಿನ ಮೇಲೆ ಬರೆಯುವುದನ್ನು ಬಿಟ್ಟಿದ್ದೇನೆ. ಅದರ ಬದಲು ಒಂದು ಅರಿಷಿಣದ ಎಲೆ, ಒಂದು ಭೂತಗನ್ನಡಿ ತರಗತಿಗೆ ಬರುತ್ತವೆ.

ಚಾರ್ಟನ್ನು ಹುಡುಗಿ ತಿದ್ದಿಲ್ಲ, ನಾನು ತಿದ್ದಲೂ ಹೇಳಿಲ್ಲ. ಕೆಂಪು ಗೀಟಿನ ಸಮೇತ ಪ್ರಯೋಗಾಲಯದ ಗೋಡೆಗೆ ಅಂಟಿಸಿದ್ದೇವೆ. ಅದರ ಕೆಳಗೆ ಮೇಜಿನ ಮೇಲೆ ಹಳೆಯ ದಿನಪತ್ರಿಕೆ ಹಾಸಿ, ಬಿಚ್ಚಿದ ಎಲೆಯಲ್ಲಿ ಹುಳುವನ್ನು ಬಿಟ್ಟು, ಹಿಕ್ಕೆ ಬಿದ್ದಲ್ಲೆಲ್ಲ ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದಾಳೆ. ನಿನ್ನೆ ಸಂಜೆ ಹೋಗುವಾಗ ನನ್ನ ಅಳತೆಪಟ್ಟಿಯನ್ನೂ ಕೇಳಿ ತೆಗೆದುಕೊಂಡಳು. ಅವಳ ಕಂಪಾಸಿನ ಹದಿನೈದು ಸೆಂಟಿಮೀಟರಿನ ಸ್ಕೇಲು ಸಾಲುತ್ತಿಲ್ಲವಂತೆ.