ವೈ ಒತ್ತೋ ಮುಂಚೆ ಆ ಪಟ್ಟಿ ಓದ್ರಿ

ಹುಬ್ಬಳ್ಳಿಯ ಗೋಕುಲ ರೋಡಿನ ವರ್ಕ್‌ಶಾಪು, ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿ, ಧಾರವಾಡದ ಕೋಚಿಂಗ್ ಕ್ಲಾಸು, ಎಲ್ಲೇ ಹೋಗಲಿ, ಮೂಲೆಯಲ್ಲೊಂದು ಉಬುಂಟು ಲಿನಕ್ಸ್ ಸರ್ವರ್ ಓಡುತ್ತಿರುತ್ತದೆ. ನೋಡಿಕೊಳ್ಳುವ ಹುಡುಗರೂ ಚುರುಕಿನವರೇ. ಆದರೆ ಅವರಿಗೆ ಬಿದ್ದಿರುವ ಒಂದು ರೂಢಿ ಕಂಡರೆ ನನಗೆ ಸಿಟ್ಟು ಬರುತ್ತದೆ. ಪ್ಯಾಕೇಜ್ (ಸಾಫ್ಟ್‌ವೇರಿನ ಕಟ್ಟು) ಹಾಕಲಿ, ತೆಗೆಯಲಿ, ಕಮಾಂಡಿನ ಜೊತೆ ಹೈಫನ್ ವೈ ಸೇರಿಸಿಬಿಡುತ್ತಾರೆ. ಪ್ಯಾಕೇಜ್ ಹಾಕಿ ತೆಗೆಯುವ ಆಪ್ಟ್ ಎಂಬ ಸಾಧನ, ಏನೇನು ಬರುತ್ತದೆ, ಏನೇನು ಹೋಗುತ್ತದೆ ಎಂಬ ಪಟ್ಟಿ ತೋರಿಸಿ ‘ಮುಂದುವರಿಯಲೇ?’ ಅಂತ ಕೇಳಬೇಕಾದ ಪ್ರಶ್ನೆಗೆ ಮೊದಲೇ ಹೌದು ಅಂದಂತಾಯಿತು.

ಮೊನ್ನೆ ವಿದ್ಯಾನಗರದಲ್ಲಿ ಒಬ್ಬ ಹುಡುಗನ ಪಕ್ಕ ಕೂತಿದ್ದೆ. ಉಬುಂಟು 22.04, ಅದರ ಜೊತೆ ಬರುವುದು ಪೈಥಾನ್ ಭಾಷೆಯ 3.10 ವರ್ಶನ್. ಅವನಿಗೆ ಬೇಕಿದ್ದದ್ದು 3.12. ಹಳೆಯದನ್ನು ತೆಗೆದು ಹೊಸದು ಹಾಕೋಣ ಅಂತ ‘ಆಪ್ಟ್ ರಿಮೂವ್ ಪೈಥಾನ್3’ ಬರೆದ. ‘ಹೈಫನ್ ವೈ ಬ್ಯಾಡ, ಏನ್ ಹೇಳತೈತಿ ನೋಡೂಣು’ ಅಂದೆ. ಪರದೆ ತುಂಬ ಹೆಸರುಗಳು ಬಂದವು. ನಿಧಾನಕ್ಕೆ ಓದಿಸಿದೆ. ನೆಟ್‌ವರ್ಕ್ ಹೊಂದಿಸುವ ನೆಟ್‌ಪ್ಲಾನ್ ಇತ್ತು, ಫೈರ್‌ವಾಲ್ ನೋಡಿಕೊಳ್ಳುವ ಯುಎಫ್‌ಡಬ್ಲ್ಯೂ ಇತ್ತು, ತಾನಾಗಿಯೇ ಭದ್ರತಾ ಅಪ್‌ಡೇಟ್ ಹಾಕುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಕೂಡ ಇತ್ತು.

‘ಇವೆಲ್ಲಾ ಯಾಕ್ ಹೊಂಟಾವ್ರೀ ಸರ್?’

‘ಇವಕ್ಕೆಲ್ಲಾ ಆ ಪೈಥಾನ್ನ ಬೇಕಪಾ.’

ಎನ್ ಒತ್ತಿದ. ಅಲ್ಲಿ ಬರೀ ಎಂಟರ್ ಒತ್ತಿದ್ದರೂ ಆಪ್ಟ್ ಅದನ್ನು ಹೌದು ಅಂತಲೇ ತಿಳಿಯುತ್ತಿತ್ತು. ಹಳೆಯದನ್ನು ಮುಟ್ಟದೆ, 3.12 ಅನ್ನು ಒಂದು ಕಂಟೇನರ್ ಒಳಗೆ, ಅಂದರೆ ಉಳಿದ ಸಿಸ್ಟಮ್‌ನಿಂದ ಬೇರೆಯಾದ ಜಾಗದಲ್ಲಿ, ಹಾಕಿಕೊಂಡೆವು.

ಆ ಪಟ್ಟಿಯ ಬೆಲೆ ತಿಳಿಯಬೇಕಾದರೆ ಹಿಂದಿನ ಕಾಲ ನೋಡಬೇಕು. ಉಬುಂಟುವಿಗೆ ಮೂಲವಾದ ಡೆಬಿಯನ್ ಶುರುವಾದದ್ದು 1993ರಲ್ಲಿ. ಅದರಲ್ಲಿ ಪ್ಯಾಕೇಜ್ ಹಾಕುವ ತಳಮಟ್ಟದ ಸಾಧನ ಡಿಪಿಕೆಜಿ, ಇವತ್ತಿಗೂ ಏನಾದರೂ ಕಡಿಮೆ ಬಿದ್ದರೆ ‘ಇದು ಬೇಕು’ ಅಂತ ಹೇಳಿ ನಿಂತುಬಿಡುತ್ತದೆ, ತಾನೇ ತಂದು ಹಾಕುವುದಿಲ್ಲ. ಬೇಕಾದದ್ದನ್ನೆಲ್ಲ ಲೆಕ್ಕ ಹಾಕಿ ತಾನೇ ತರುವ ಆಪ್ಟ್ 1999ರ ಡೆಬಿಯನ್ 2.1ರಲ್ಲಿ ಬಂತು. ಯಾವುದಕ್ಕೆ ಯಾವುದು ಬೇಕು, ಯಾವುದು ಹೋದರೆ ಯಾವುದು ಉಳಿಯುವುದಿಲ್ಲ ಎಂದು ಅದು ಕೂಡಿಸಿ ಕಳೆದು ಕೊಡುವ ಉತ್ತರವೇ ಆ ಪಟ್ಟಿ.

ಇನ್ನೊಂದು ರೂಢಿ ಇದಕ್ಕಿಂತ ಕೆಟ್ಟದ್ದು: ವರ್ಶನ್ ನಂಬರ್ ಹಳೆಯದಿದೆ ಅಂತ ಗಾಬರಿಯಾಗಿ, ಸೋರ್ಸ್ (ಮೂಲ ಕೋಡ್) ಇಳಿಸಿ ತಾವೇ ಕಂಪೈಲ್ ಮಾಡುವುದು. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಂದಾಗ, ಸಂಪರ್ಕವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ಸಾಫ್ಟ್‌ವೇರಿನವರು 1.0.1ಜಿ ಎಂಬ ಹೊಸ ವರ್ಶನ್‌ನಲ್ಲಿ ಅದನ್ನು ಸರಿಪಡಿಸಿದರು. ಡೆಬಿಯನ್‌ನವರು, ಇನ್ನೊಂದು ಲಿನಕ್ಸ್ ಕೊಡುವ ರೆಡ್ ಹ್ಯಾಟ್‌ನವರು ಆ ತಿದ್ದುಪಡಿಯಷ್ಟನ್ನೇ ತಮ್ಮ 1.0.1ಇ ಒಳಗೆ ಸೇರಿಸಿ ಕೊಟ್ಟರು. ಮೇಲೆ ಕಾಣುವ ನಂಬರ್ ಹಳೆಯದೇ, ಒಳಗಿನ ತೂತು ಮಾತ್ರ ಮುಚ್ಚಿತ್ತು. ಇವತ್ತಿಗೂ ಹಾಗೆಯೇ ನಡೆಯುತ್ತದೆ. ‘ಆಪ್ಟ್ ಚೇಂಜ್‌ಲಾಗ್’ ಕೊಟ್ಟು ಓದಿದರೆ ಯಾವ ಸಿವಿಇ (ನಂಬರ್ ಕೊಟ್ಟು ಗುರುತಿಸಿದ ಭದ್ರತಾ ದೋಷ) ಸರಿಯಾಗಿದೆ ಅಂತ ಅಲ್ಲೇ ಬರೆದಿರುತ್ತದೆ. ಅದನ್ನು ನೋಡದೆ ಕಂಪೈಲ್ ಮಾಡಿ ಹಾಕಿದ ಪ್ರತಿ ಅನಾಥವಾಗುತ್ತದೆ. ಆಪ್ಟ್‌ಗೆ ಅದು ಗೊತ್ತೇ ಇಲ್ಲ, ಮುಂದಿನ ತಿದ್ದುಪಡಿ ಅದಕ್ಕೆ ತಲುಪುವುದಿಲ್ಲ. ಹಾಕಿದ ಹುಡುಗ ಬೆಂಗಳೂರಿಗೆ ಹೋದ ಮೇಲೆ ಅಂಗಡಿಯ ಮಾಲಕರು ಯಾರನ್ನು ಕೇಳಬೇಕು?

ವೆಬ್‌ಸೈಟಿನ ಸ್ಕ್ರಿಪ್ಟನ್ನು ಕರ್ಲ್‌ನಿಂದ ಇಳಿಸಿ, ನೇರ ಸುಡೊ ಬ್ಯಾಶ್‌ಗೆ ಸುರಿದು ಪೂರ್ತಿ ಅಧಿಕಾರದಿಂದ ಓಡಿಸುವವರಿಗೂ ಇದೇ ಮಾತು. ಆ ಸ್ಕ್ರಿಪ್ಟ್ ತಾನೇ ಇಟ್ಟ ಫೈಲನ್ನು ‘ಡಿಪಿಕೆಜಿ ಹೈಫನ್ ದೊಡ್ಡ ಎಸ್’ ಹಾಕಿ ಯಾರದ್ದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಆಪ್ಟ್ ಮೂಲಕ ಬಂದದ್ದಾದರೆ ಯಾವತ್ತು, ಯಾವ ಕಮಾಂಡಿನಿಂದ ಬಂತು ಎಂಬುದು ಅದರ ಹಿಸ್ಟರಿ ಲಾಗ್‌ನಲ್ಲಿ ಸಿಗುತ್ತದೆ. ರೆಡ್ ಹ್ಯಾಟ್ ಕಡೆ ಇದೇ ಕೆಲಸ ಮಾಡುವ ಡಿಎನ್‌ಎಫ್, ಉಬುಂಟು 22.04ರ ಆಪ್ಟ್‌ಗಿಂತ ಒಂದು ಹೆಜ್ಜೆ ಮುಂದೆ: ‘ಹಿಸ್ಟರಿ ಅಂಡೂ’ ಕೊಟ್ಟರೆ, ಹಳೆಯ ಪ್ಯಾಕೇಜ್ ಇನ್ನೂ ರಿಪಾಸಿಟರಿಯಲ್ಲಿ (ಪ್ಯಾಕೇಜ್ ಸಿಗುವ ಭಂಡಾರದಲ್ಲಿ) ಇದ್ದರೆ, ಮಾಡಿದ್ದನ್ನು ಹಿಂದಕ್ಕೆ ತಿರುಗಿಸುತ್ತದೆ. ಈ ಒಂದು ವಿಷಯದಲ್ಲಿ ನನಗೆ ಡಿಎನ್‌ಎಫೇ ಹೆಚ್ಚು ಇಷ್ಟ.

ನಮ್ಮ ಕಡೆ ಲಿನಕ್ಸ್ ಕಲಿಸುವವರಿಗೆ ಒಂದು ಕೇಳಿಕೆ. ಲ್ಯಾಬ್ ಪರೀಕ್ಷೆಯಲ್ಲಿ ‘ಎನ್‌ಜಿನ್‌ಎಕ್ಸ್ ವೆಬ್ ಸರ್ವರ್ ಇನ್‌ಸ್ಟಾಲ್ ಮಾಡಿ ತೋರಿಸು’ ಅನ್ನುವುದನ್ನು ಇನ್ನು ಬಿಡ್ರಿ. ‘ಆಪ್ಟ್‌ಗೆಟ್ ಹೈಫನ್ ಸಣ್ಣ ಎಸ್’ ಜೊತೆ ರಿಮೂವ್ ಕಮಾಂಡ್ ಕೊಡಿಸಿರಿ, ಅದು ಏನನ್ನೂ ತೆಗೆಯದೆ ಏನೇನು ಹೋಗುತ್ತದೆ ಅಂತ ಮಾತ್ರ ತೋರಿಸುತ್ತದೆ. ಬಂದ ಪಟ್ಟಿಯಲ್ಲಿ ಯಾವುದು ಯಾಕೆ ಹೋಗುತ್ತಿದೆ ಅಂತ ವಿದ್ಯಾರ್ಥಿಯ ಬಾಯಿಂದ ಹೇಳಿಸಿರಿ, ಮಾರ್ಕ್ಸ್ ಅದಕ್ಕೆ ಕೊಡ್ರಿ.