ಬೀಗದ ಆಟ ಮಾಷ್ಟ್ರೇ ಕಟ್ಟಿಕೊಟ್ಟರೆ ಕಲಿಯುವುದೂ ಮಾಷ್ಟ್ರೇ

ಎಸ್ಕೇಪ್ ರೂಮ್ 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ಶುರುವಾದ ಆಟ. ಸುಳಿವು ಹುಡುಕಿ, ಒಗಟು ಬಿಡಿಸಿ, ಗಡುವಿನೊಳಗೆ ಬೀಗ ಹಾಕಿದ ಕೋಣೆಯಿಂದ ಹೊರಗೆ ಬರಬೇಕು. ಶಾಲೆಗೆ ಬಂದರೆ ಮಾಷ್ಟ್ರು ರಾತ್ರಿ ಕೂತು ಒಗಟು ಕಟ್ಟುತ್ತಾರೆ, ಮಕ್ಕಳು ಅರ್ಧ ಗಂಟೆಯಲ್ಲಿ ಆಡಿ ಎದ್ದುಹೋಗುತ್ತಾರೆ. ಒಗಟು ಕಟ್ಟುವವರಿಗೆ ಪಾಠ ಪೂರ್ತಿ ಗೊತ್ತಿರಬೇಕು, ಆಡುವವರು ಎಲ್ಲಿ ಎಡವುತ್ತಾರೆಂಬ ಅಂದಾಜೂ ಬೇಕು. ಆ ಕೆಲಸ ಮಕ್ಕಳಿಗೇ ಸಿಗಬೇಕು.

ಕಾಸರಗೋಡಿನ ಏಳನೇ ತರಗತಿ ಎಂದಿಟ್ಟುಕೊಳ್ಳಿ, ಪಾಠ ಜಿಲ್ಲೆಯ ನದಿಗಳು. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ: ನಾಲ್ಕು ಚೀಟಿ, ಪ್ರತಿಯೊಂದರ ಹಿಂದೆ ಬೇರೆ ಬೇರೆ ಅಂಕಿ. ಬಡಗಿನಿಂದ ತೆಂಕಿಗೆ ಜೋಡಿಸಿದರೆ ಬೀಗದ ನಂಬರು. ಚೆನ್ನಾಗಿಯೇ ಇದೆ, ಆದರೆ ನಾಲ್ಕು ಅಂಕಿಯನ್ನು ಹೇಗೆ ತಿರುಗಿಸಿದರೂ 24 ಜೋಡಣೆ ಮಾತ್ರ. ಭೂಪಟ ಮುಟ್ಟದೆ ಎರಡು ನಿಮಿಷದಲ್ಲಿ ಬೀಗ ತೆಗೆಯುತ್ತಾರೆ. ಜಿಲ್ಲೆಯಲ್ಲಿ ಹರಿಯದ ನೇತ್ರಾವತಿ, ಕುಮಾರಧಾರೆಯನ್ನೂ ಬೆರೆಸಿ ಆರು ಚೀಟಿ ಮಾಡಿ, ಅದರಲ್ಲಿ ನಾಲ್ಕನ್ನು ಆರಿಸಿ ಜೋಡಿಸಬೇಕೆಂದರೆ 360 ಆಗುತ್ತದೆ. ಪಯಸ್ವಿನಿಯನ್ನು ಮಾತ್ರ ಬೆರೆಸಬಾರದು: ಸುಳ್ಯದ ಕಡೆಯಿಂದ ಬರುವ ಆ ಹೊಳೆಯೇ ಕೆಳಗೆ ಚಂದ್ರಗಿರಿ, ಜಗಳ ಖಂಡಿತ. (ಆ ಜಗಳವೇ ಒಳ್ಳೆಯ ಪಾಠ ಎನ್ನುವವರೂ ಇದ್ದಾರೆ, ಇರಲಿ.)

ಮೂರಂಕಿ ಬೀಗದಲ್ಲಿ 000ದಿಂದ 999ರವರೆಗೆ ಸಾವಿರ ಸಾಧ್ಯತೆ. ಸೆಕೆಂಡಿಗೊಂದರಂತೆ ತಿರುಗಿಸಿದರೆ ಹದಿನೇಳು ನಿಮಿಷದೊಳಗೆ ತೆರೆಯುತ್ತದೆ. ತಪ್ಪು ನಂಬರು ಹಾಕಿದವರು ಒಂದು ನಿಮಿಷ ಕೈಕಟ್ಟಿ ಕೂರಬೇಕೆಂಬ ನಿಯಮ ಇಡಿ. ಇಸವಿಯನ್ನೇ ನಂಬರಾಗಿ ಇಡುವುದು ಸೋಮಾರಿತನ. ನಮ್ಮ ಮಕ್ಕಳು ಮೊದಲು ಹಾಕಿ ನೋಡುವುದೇ 1947, ಆಮೇಲೆ 1956.

ಅಡಗಿದ ಬರಹಕ್ಕೆ ನೇರಳೆ ಟಾರ್ಚು ಬೇಕಿಲ್ಲ. ವಾಷಿಂಗ್ ಸೋಡಾ ನೀರಿನಲ್ಲಿ ಬರೆದು ಒಣಗಿಸಿ, ಮೇಲೆ ಅರಸಿನ ನೀರು ಸವರಿದರೆ ಅಕ್ಷರ ಕೆಂಪಾಗುತ್ತದೆ. ಪ್ರತ್ಯಾಮ್ಲದ ಪಾಠ ಅಲ್ಲೇ ಆಯಿತು. ಸುಣ್ಣದ ತಿಳಿಯಲ್ಲಿ ಬರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ದಿನ ಕಳೆದಂತೆ ಮಂಕಾಗುತ್ತದೆ. ಕುಂಚ ಒತ್ತಿ ತಿಕ್ಕಿದರೆ ಅಕ್ಷರ ಕದಡಿಹೋಗುತ್ತದೆ.

ಇನ್ನೊಂದು ಅನುಕೂಲ ನಮ್ಮ ಊರಿನದ್ದೇ. "ಮೂಜಿ, ಎಟ್ಟ್, ಒಂಬತ್ತು" ಎಂದು ಸುಳಿವು ಬರೆಯಿರಿ. ತುಳು, ಮಲಯಾಳ, ಕನ್ನಡ ಬಲ್ಲವರು ಒಟ್ಟಾದರೆ 389. ತರಗತಿಯಲ್ಲಿ ಬಾಯಿಬಿಡದ ಮಗುವನ್ನೂ ಆಗ ಗುಂಪು ಕೇಳಲೇಬೇಕು.

ಕೋಣೆಯ ಬಾಗಿಲಿಗೆ ಮಾತ್ರ ಯಾವತ್ತೂ ಬೀಗ ಬೇಡ. 2019ರ ಜನವರಿಯಲ್ಲಿ ಪೋಲೆಂಡಿನ ಕೊಶಾಲಿನ್‌ನಲ್ಲಿ ಇಂಥ ಆಟದ ಕೋಣೆಗೆ ಬೆಂಕಿ ಬಿದ್ದು ಹದಿನೈದರ ಹರೆಯದ ಐದು ಹುಡುಗಿಯರು ತೀರಿಹೋದರು. ಬೀಗ ಪೆಟ್ಟಿಗೆಗಿರಲಿ.

ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಐದು ನಿಮಿಷ ನಿಯಮ ಹೇಳಲು, ಇಪ್ಪತ್ತೈದು ಆಟಕ್ಕೆ, ಉಳಿದದ್ದು ಮಾತುಕತೆಗೆ. ಗುಂಪಿಗೆ ಐದು ಜನ, ಮೂರು ಒಗಟು ಸಾಕು. ಒಗಟು ಕಟ್ಟಿದವರು ಪಕ್ಕದ ಡಿವಿಜನ್‌ನವರು ಆಡುವಾಗ ಬಾಯಿಮುಚ್ಚಿ ನೋಡಬೇಕು. "ಅದಲ್ಲ, ಈ ಚೀಟಿ ನೋಡು" ಎನ್ನಬೇಕೆನಿಸಿದಲ್ಲೆಲ್ಲ ಗುರುತು ಹಾಕಿಕೊಂಡು, ಮರುದಿನ ಆ ಸುಳಿವನ್ನೇ ತಿದ್ದಬೇಕು.