ಹೋಲಿಕೆ ಕ್ಯಾಸೆಟ್ಟಿನ ಜೊತೆ ಯಾಕೆ?

ವಯಸ್ಸಾದ ಗಾಯಕರೊಬ್ಬರ ವೇದಿಕೆ ವಿಡಿಯೋ ಹರಿದಾಡಿದರೆ ಸಾಕು, ಕೆಳಗೆ ಒಂದೇ ಥರದ ಮಾತು ಶುರು. 'ದನಿ ಹೋಯ್ತು.' 'ಇನ್ನೂ ಯಾಕೆ ಹಾಡ್ತಾರೆ?' 'ಇದ್ದ ಹೆಸರು ಕೆಡಿಸ್ಕೋಬಾರದಿತ್ತು.' ಶಿವಮೊಗ್ಗದ ದಸರಾ ಇರಲಿ, ಸಾಗರದ ಮಾರಿಜಾತ್ರೆ ಇರಲಿ, ಹೊಸನಗರದ ಕಡೆಯ ಗಣಪತಿ ಪೆಂಡಾಲ್ ಇರಲಿ, ಮರುದಿನ ಬೆಳಿಗ್ಗೆ ಇದೇ ಚರ್ಚೆ. ನಾನು ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿಕೊಂಡು ಬಂದವನು. ಗಾಯಕರ ಬೆನ್ನ ಹಿಂದೆ ನಿಂತು ಕೇಳಿದವನು. ಈ ಮಾತುಗಳು ನನಗೆ ನಿಜಕ್ಕೂ ನೋವು ಕೊಡುತ್ತವೆ.

ದನಿಗೆ ವಯಸ್ಸಾಗುವುದು ಸುಳ್ಳಲ್ಲ. ಗಂಟಲಿನ ಧ್ವನಿತಂತುಗಳು ತೆಳುವಾಗುತ್ತವೆ, ಬಿಗಿಯಾಗುತ್ತವೆ. ಎದೆಗೂಡು ಮೊದಲಿನಷ್ಟು ಹಿಗ್ಗುವುದಿಲ್ಲ, ಉಸಿರು ಬೇಗ ಮುಗಿಯುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ದನಿ ಸ್ವಲ್ಪ ಕೆಳಗಿಳಿಯುತ್ತದೆ. ಎಲ್ಲಕ್ಕಿಂತ ಮೊದಲು ಕೈಕೊಡುವುದು ತಾರಸ್ಥಾಯಿ, ಅಂದರೆ ಮೇಲಿನ ಸ್ವರಗಳು. ಸಾಧನೆ ಮಾಡಿದರೆ ಇದನ್ನು ಒಂದಷ್ಟು ವರ್ಷ ಮುಂದೂಡಬಹುದು, ಅಷ್ಟೇ.

ಆದರೆ ನಾವು ಹೋಲಿಸುವುದು ಯಾರನ್ನು ಯಾರ ಜೊತೆ? ಎಪ್ಪತ್ತರ ಗಾಯಕನನ್ನು ಅವನದೇ ಕ್ಯಾಸೆಟ್ಟಿನ ಜೊತೆ. ಆ ಕ್ಯಾಸೆಟ್ಟಿನಲ್ಲಿ ಇರುವುದು ಮದ್ರಾಸಿನ ಯಾವುದೋ ಸ್ಟುಡಿಯೋದಲ್ಲಿ, ಯಾವುದೋ ಒಂದು ದಿನ, ಚೆನ್ನಾಗಿ ಬಂದ ಒಂದು ಟೇಕ್. ಅದು ನಮ್ಮ ಕಿವಿಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಭದ್ರಾವತಿ ಆಕಾಶವಾಣಿಯಲ್ಲಿ ಕೇಳಿ ಕೇಳಿ, ಮಧ್ಯದ ಕೊಳಲಿನ ತುಣುಕೂ ನಮಗೆ ಬಾಯಿಪಾಠ. ಆ ದಿನದ ಗಾಯಕ ಆ ದಿನಕ್ಕೇ ಮುಗಿದ. ಅವನನ್ನೇ ವಾಪಸ್ ಕರೆತನ್ನಿ ಅಂದರೆ ಯಾರು ತರೋದು?

ಯಕ್ಷಗಾನದಲ್ಲಿ ನಾವು ಹೀಗೆ ಮಾಡುವುದಿಲ್ಲ, ನೋಡಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ಎಂಬತ್ತರ ಹತ್ತಿರ. ಆ ವಯಸ್ಸಿನಲ್ಲೂ ಅವರ ಕೀಚಕ, ಭಸ್ಮಾಸುರ ನೋಡಲು ಮಲೆನಾಡಿನ ಜನ ಕಾದು ಕೂರುತ್ತಿದ್ದರು. ಹರೆಯದ ಕುಣಿತ ಸಿಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಅವರು ಕಣ್ಣು ಹೊರಳಿಸಿದರೆ ಸಭೆಗೆ ಅಷ್ಟೇ ಸಾಕಾಗುತ್ತಿತ್ತು. ಆಟ ಪ್ರತಿ ರಾತ್ರಿ ಹೊಸದು. ಅಳೆಯೋಕೆ ಹಿಂದಿನ ಕ್ಯಾಸೆಟ್ ಇರುವುದಿಲ್ಲ.

ಸಿನಿಮಾ ಹಾಡಿನಲ್ಲೂ ವಯಸ್ಸು ಬರೀ ಕಳೆಯುವುದಿಲ್ಲ. ಡಾ. ರಾಜ್‌ಕುಮಾರ್ ಗಾಯಕರಾಗಿ ನೆಲೆಯಾದದ್ದೇ 1974ರ 'ಸಂಪತ್ತಿಗೆ ಸವಾಲ್' ನಂತರ. ಆಗಲೇ ನಲವತ್ತೈದು ವರ್ಷ. ಅದಕ್ಕೂ ಮೊದಲು ತೆರೆಯ ಮೇಲೆ ಅವರ ದನಿ ಅಂದರೆ ಪಿ.ಬಿ. ಶ್ರೀನಿವಾಸ್. ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿದ್ದು 1992ರ 'ಜೀವನ ಚೈತ್ರ'ದ ಹಾಡು, ಅರವತ್ತು ದಾಟಿದ ಮೇಲೆ.

ನಮ್ಮ ಕಡೆಯ ಒಬ್ಬ ಗಾಯಕಿಯ ವಿಷಯ ಹೇಳಲೇಬೇಕು. ಹೆಸರು ಬೇಡ. ಐವತ್ತು ದಾಟಿದವರು. ಒಂದು ಗಣಪತಿ ಕಾರ್ಯಕ್ರಮದಲ್ಲಿ ವೇದಿಕೆಗೆ ಹತ್ತುವ ಮುಂಚೆ ಬಿಸಿನೀರಿನ ಫ್ಲಾಸ್ಕ್ ಹಿಡಿದು ಬಂದು, 'ಡಿ ಶಾರ್ಪ್ ಬೇಡ, ಸಿ ಶಾರ್ಪ್ ಕೊಡಿ' ಅಂದರು. ಶ್ರುತಿ ಇಳಿಸಲು ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ಎರಡು ಸಲ ಒತ್ತಿದೆ. ಮೇಲೆ ತಗಡಿನ ಶೀಟು, ಜಡಿಮಳೆ. ಚರಣದಲ್ಲಿ ಒಂದು ಉದ್ದದ ಸಾಲು ಇತ್ತು. ರೆಕಾರ್ಡಿನಲ್ಲಿ ಅದು ಒಂದೇ ಉಸಿರು. ಇವರು ಮಧ್ಯದಲ್ಲಿ, 'ಅಮ್ಮ' ಅನ್ನುವ ಪದ ಆದ ಕೂಡಲೇ ನಿಂತರು. ಉಸಿರು ತಗೊಂಡು, ಉಳಿದ ಅರ್ಧವನ್ನು ಇನ್ನೂ ಮೆಲ್ಲಗೆ ಹಾಡಿದರು. ತಬಲಾದವನು ಥಟ್ಟನೆ ತಲೆಯೆತ್ತಿ ಅವರ ಕಡೆ ನೋಡಿದ. ಆ ಹಾಡನ್ನು ನಾನು ಲೆಕ್ಕವಿಲ್ಲದಷ್ಟು ಸಲ ನುಡಿಸಿದ್ದೇನೆ. ಆ ಪದ ಅಲ್ಲಿದೆ ಅಂತ ಕಿವಿಗೆ ಬಿದ್ದಿದ್ದು ಅವತ್ತೇ.

ಕಾರ್ಯಕ್ರಮ ಮುಗಿದ ಮೇಲೆ ಕಮಿಟಿಯವರೊಬ್ಬರು ಬಂದರು. 'ಮುಂದಿನ ವರ್ಷ ಯಾರಾದ್ರೂ ಹುಡುಗೀನ ಕರ್ಕೊಂಡು ಬನ್ನಿ' ಅಂದರು. ಆ ಗಾಯಕಿಗಿಂತ ದೊಡ್ಡ ವಯಸ್ಸಿನ ಗಾಯಕರೊಬ್ಬರು, ಕೂದಲಿಗೆ ಬಣ್ಣ ಹಚ್ಚಿಕೊಂಡು, ಅದೇ ವೇದಿಕೆಯಲ್ಲಿ ಪ್ರತಿ ವರ್ಷ ಹಾಡುತ್ತಾರೆ. ಅವರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಗಂಡಸಿಗೆ ವಯಸ್ಸಾದರೆ ಅನುಭವ, ಹೆಂಗಸಿಗೆ ವಯಸ್ಸಾದರೆ ಮನೆಗೆ ಹೋಗು. ಇದು ನ್ಯಾಯವಾ? ಹೊರದೇಶದಲ್ಲೂ ಇದೇ ಕಥೆ. ಅಮೆರಿಕದ ಪಾಪ್ ಗಾಯಕಿ ಮಡೋನಾ 2024ರ ಮೇ ತಿಂಗಳಲ್ಲಿ ಬ್ರೆಜಿಲ್ಲಿನ ರಿಯೋದ ಕೋಪಕಬಾನಾ ಕಡಲತೀರದಲ್ಲಿ ಹಾಡಿದಾಗ ವಯಸ್ಸು 65. ಸೇರಿದ್ದ ಜನ ಸುಮಾರು 16 ಲಕ್ಷ ಅಂತ ಅಂದಾಜು. ಆದರೂ ಅವರ ಸುದ್ದಿ ಬಂದಲ್ಲೆಲ್ಲ ಜನ ಮಾತಾಡುವುದು ಮುಖದ ಬಗ್ಗೆ. ಅವರಿಗಿಂತ ಹಿರಿಯರಾದ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯ ಸುಕ್ಕನ್ನು ಯಾರು ಎಣಿಸುತ್ತಾರೆ?

ನನಗೆ ಸಿಟ್ಟು ಬರುವುದು ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಆದ ಹಾಡು, ಹಾಕಿ ತುಟಿ ಆಡಿಸುವವರ ಮೇಲೆ. ಹಳೇ ದನಿಯನ್ನು ಸ್ಪೀಕರಿನಲ್ಲಿ ಬಿಟ್ಟು, ಮುಂದೆ ನಿಂತು ಕೈಬೀಸುವುದು ಕೇಳುಗರಿಗೆ ಮಾಡುವ ಮೋಸ. ಆದರೆ ಅವರನ್ನು ಅಲ್ಲಿಗೆ ತಳ್ಳಿದವರಲ್ಲಿ ನಾವೂ ಇದ್ದೇವೆ. ಕ್ಯಾಸೆಟ್ಟೇ ಬೇಕು ಅಂದವರಿಗೆ ಕ್ಯಾಸೆಟ್ಟೇ ಸಿಗುತ್ತದೆ. ಲಂಡನ್ನಿನಲ್ಲಿ 2022ರಿಂದ ಸ್ವೀಡನ್ನಿನ ಹಳೆಯ ಪಾಪ್ ತಂಡ ಆಬ್ಬಾದವರ ಹರೆಯದ ರೂಪಗಳನ್ನು ಕಂಪ್ಯೂಟರಿನಲ್ಲಿ ಮಾಡಿ ಕುಣಿಸುತ್ತಿದ್ದಾರೆ. ಜನ ಮುಗಿಬಿದ್ದು ನೋಡುತ್ತಾರಂತೆ. ನನಗಂತೂ ಬೇಡ.

ಬೇಕಿದ್ದರೆ ಕೆನಡಾದ ಗಾಯಕಿ ಜೋನಿ ಮಿಚೆಲ್ ಅವರ ಹಾಡು ಕೇಳಿ. 'ಬೋತ್ ಸೈಡ್ಸ್ ನೌ' ಹಾಡನ್ನು ಇಪ್ಪತ್ತರ ಹರೆಯದಲ್ಲಿ ಬರೆದು 1969ರ ಆಲ್ಬಮ್ಮಿನಲ್ಲಿ ಹಾಡಿದರು, ಎಳೆಯ ತೆಳು ದನಿಯಲ್ಲಿ. 2000ದಲ್ಲಿ ಮತ್ತೆ ರೆಕಾರ್ಡ್ ಮಾಡಿದಾಗ ದನಿ ಎಷ್ಟೋ ಕೆಳಗಿಳಿದಿತ್ತು. 2015ರಲ್ಲಿ ಮೆದುಳಿನ ರಕ್ತನಾಳದ ತೊಂದರೆಯಾಗಿ ಮಾತು, ನಡಿಗೆ ಎಲ್ಲ ಮೊದಲಿನಿಂದ ಕಲಿಯಬೇಕಾಯಿತು. 2024ರ ಗ್ರ್ಯಾಮಿ ವೇದಿಕೆಯಲ್ಲಿ, ಎಂಬತ್ತರಲ್ಲಿ, ಕುರ್ಚಿಯಲ್ಲಿ ಕೂತು ಅದೇ ಹಾಡನ್ನು ಹಾಡಿದರು. ಬದುಕನ್ನು ಎರಡೂ ಕಡೆಯಿಂದ ನೋಡಿದೆ ಅನ್ನುವ ಹಾಡು ಅದು. ಮೂರನ್ನೂ ಒಂದರ ಹಿಂದೆ ಒಂದು ಕೇಳಿ. ನನ್ನ ಮಟ್ಟಿಗೆ ಮೊದಲನೆಯದು ಚಂದ, ಕೊನೆಯದು ನಿಜ.

ನಿಲ್ಲಿಸುವುದೂ ಒಂದು ದಾರಿ. ಎಸ್. ಜಾನಕಿ 2017ರ ಅಕ್ಟೋಬರಿನಲ್ಲಿ ಮೈಸೂರಿನಲ್ಲಿ ಹಾಡಿ, ಇನ್ನು ಸಾಕು ಅಂದರು. ಅದನ್ನು ಅವರೇ ತೀರ್ಮಾನಿಸಿದರು. ಬೇರೆಯವರು ತೀರ್ಮಾನಿಸಲಿಲ್ಲ. ಹಾಡುತ್ತಲೇ ಇರುವವರನ್ನು ಒಂದೇ ಹಾಡಿಗೆ ಕಟ್ಟಿಹಾಕುವುದೂ ನಮ್ಮದೇ ಚಾಳಿ. ನಮ್ಮ ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣ, ಸಿನಿಮಾ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದ ಮೊದಲ ಕನ್ನಡಿಗ. 'ಕಾಡು ಕುದುರೆ' ಹಾಡಿಗೆ ಬಂತು ಆ ಪ್ರಶಸ್ತಿ. ಆಮೇಲೆ ಎಲ್ಲಿ ಹೋದರೂ ಜನರ ಬೇಡಿಕೆ ಅದೇ. ಭಾವಗೀತೆಗಳನ್ನು ಅವರಷ್ಟು ಸ್ಪಷ್ಟವಾಗಿ ಪದ ಬಿಡಿಸಿ ಹಾಡಿದವರು ಕಡಿಮೆ. ಕುದುರೆಯ ಗಲಾಟೆಯಲ್ಲಿ ಆ ಹಾಡುಗಳನ್ನು ಕೇಳಿ ಅಂದವರೂ ಕಡಿಮೆ. 2022ರಲ್ಲಿ ಅವರು ತೀರಿಕೊಂಡಾಗ ನಾವು ಸ್ಟೇಟಸ್ಸಿಗೆ ಹಾಕಿಕೊಂಡಿದ್ದೂ ಅದೇ ಒಂದು ಹಾಡು.

ಈ ಸಲದ ಗಣಪತಿಗೆ ಆ ಗಾಯಕಿಯನ್ನು ಕರೆಸಿ ಅಂತ ಪರಿಚಯದ ಕಮಿಟಿಗಳಿಗೆ ಹೇಳುತ್ತಿದ್ದೇನೆ. ಟ್ರ್ಯಾಕ್ ಬೇಡ, ಇಡೀ ಬ್ಯಾಂಡ್ ಇರಲಿ. ಸ್ಕೇಲ್ ಅವರು ಹೇಳಿದ್ದೇ ಆಗಲಿ. ತೀರ್ಥಹಳ್ಳಿ ಕಡೆಯ ಒಂದು ಕಮಿಟಿಯವರು ಹೂಂ ಅಂದಿದ್ದಾರೆ, ಒಂದೂವರೆ ಗಂಟೆ ಕೊಡುತ್ತಾರಂತೆ. ಉಳಿದವರೂ ಯೋಚನೆ ಮಾಡಿ, ಫೋನ್ ಮಾಡಿ.